ಐದು ದಿನದ ಸೀಲು

ಆ ಸೀಲು ಮಾಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬಸ್ಸು ಹತ್ತಿ ಬಿಸಿಲಲ್ಲಿ ಓಡಾಡಿದ್ದನ್ನು ಕೇಳಿ ಯಾರೂ ನನ್ನನ್ನು ದೊಡ್ಡ ಮನುಷ್ಯಳು ಅಂದುಕೊಳ್ಳಬಾರದು.

ನನ್ನ ಹೆಸರು ಪದ್ಮಲತಾ. ಹಿಂದೂಪುರದ ಡಾಕ್ಟರ್ ಹರಿಕೃಷ್ಣ ಅವರ ಹಲ್ಲಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಕುರ್ಚಿ ಒರೆಸುವುದು, ಇಕ್ಕಳ ತೊಳೆಯುವುದು, ಕಾರ್ಡು ಬರೆಯುವುದು, ಹೆದರಿದವರ ಕೈ ಹಿಡಿಯುವುದು, ಹೆದರದೆ ಬಂದವರನ್ನು ಒಂಚೂರು ಹೆದರಿಸುವುದು, ಎಲ್ಲಾ ನನ್ನ ಪಾಲಿಗೆ. ಭಾನುವಾರ ಮತ್ತು ಶುಕ್ರವಾರ ಡಾಕ್ಟರ ಕಾರಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗುತ್ತೇವೆ. ಅಲ್ಲಿ ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ ನಮ್ಮದೇ ಇನ್ನೊಂದು ಕೋಣೆ ಇದೆ.

ಹೃದಯದ ಕಾಯಿಲೆಯವರು ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಮಾತ್ರೆ ನುಂಗುತ್ತಾರೆ. ಅಂಥವರ ಹಲ್ಲು ಕೀಳಬೇಕಾದರೆ ಐದು ದಿನ ಮೊದಲೇ ಆ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ ಅನ್ನುವುದು ನಮ್ಮ ಡಾಕ್ಟರ ನಿಯಮ. ಅವರಿಗೆ ಕಲಿಸಿದ ಮೇಷ್ಟ್ರು ಹಾಗೇ ಹೇಳಿದ್ದರಂತೆ. ಪ್ರತಿಯೊಬ್ಬರಿಗೂ ಅದನ್ನು ಚೀಟಿಯಲ್ಲಿ ಬರೆದೂ ಬರೆದೂ ನನಗೆ ಸಾಕಾಗಿತ್ತು. ಒಂದು ದಿನ ಹೋಗಿ ತೆಲುಗಿನಲ್ಲಿ ಒಂದು ರಬ್ಬರ್ ಸೀಲು ಮಾಡಿಸಿಕೊಂಡು ಬಂದೆ. ರಕ್ತ ತೆಳುವಾಗುವ ಮಾತ್ರೆ ಐದು ದಿನ ನಿಲ್ಲಿಸಬೇಕು ಅಂತ ಒಂದು ಸಾಲು, ಕೆಳಗೆ ಡಾಕ್ಟರ ಹೆಸರು. ನೇರಳೆ ಶಾಯಿ. "ಭೇಷ್ ಪದ್ಮಮ್ಮ, ನಿಮ್ಮ ತಲೆ ಎಂಥಾ ತಲೆ!" ಅಂದಿದ್ದರು ಡಾಕ್ಟರು. ಆರು ವರ್ಷ ಆ ತಲೆಯನ್ನು ಮೇಲೆತ್ತಿಕೊಂಡೇ ಓಡಾಡಿದೆ.

ಹೋದ ತಿಂಗಳು ಡಾಕ್ಟರ್ ಭಾರ್ಗವಿ ಬಂದಳು. ಗೋರಂಟ್ಲದ ಹುಡುಗಿ, ಇಪ್ಪತ್ತೆಂಟು ವಯಸ್ಸಿರಬೇಕು. ಸಣ್ಣ ಊರುಗಳ ಹಲ್ಲಿನ ಡಾಕ್ಟರುಗಳು ಬರೀ ರೂಢಿಯ ಮೇಲೆ ಮಾಡುವುದನ್ನು ಬಿಟ್ಟು, ಸಾವಿರಾರು ಜನರಲ್ಲಿ ನೋಡಿ ಸರಿ ಎಂದು ಗೊತ್ತಾದದ್ದನ್ನು ಮಾಡಲಿ ಅಂತ, ಅವರ ಜೊತೆಗಿದ್ದು ಸಹಾಯ ಮಾಡುವ ಕೆಲಸವಂತೆ. ಯಾವುದೋ ಕಾಲೇಜಿನವರು ಮೂರು ತಿಂಗಳಿಗೆ ಅಂತ ಕಳಿಸಿದ್ದರು. ಮೊನ್ನೆ ಹುಟ್ಟಿದವಳು ನಮಗೇ ಹಲ್ಲಿನ ಪಾಠ ಹೇಳಲು ಬಂದಳು ಅಂತ ನನಗೆ ಒಳಗೊಳಗೇ ಉರಿ.

ಅವಳು ಪಾಠ ಹೇಳಲಿಲ್ಲ. ಎರಡು ವಾರ ಮೂಲೆಯಲ್ಲಿ ಕೂತು ನೋಡಿದಳು. ಆಮೇಲೆ ಸೀಲನ್ನು ಕೈಯಲ್ಲಿ ಹಿಡಿದು ಕೇಳಿದಳು. "ಪದ್ಮಕ್ಕ, ಇದು ಹಾಕಿಸ್ಕೊಂಡು ಹೋದೋರು ಆಮೇಲೆ ಹೆಂಗಿದಾರೆ ಅಂತ ಯಾವತ್ತಾದ್ರೂ ಕೇಳಿದೀರಾ?"

"ಹಲ್ಲು ಕಿತ್ ಮ್ಯಾಲೆ ಏನಮ್ಮ ಕೇಳೋದು? ಅವರ ಮನೆಗೆ ಅವರು ಹೋಯ್ತಾರೆ."

"ಈಗ ಫೋನ್ ಮಾಡಿ ಕೇಳೋಣ್ವಾ?"

ಡಾಕ್ಟರು ನಕ್ಕರು. ಮಾತ್ರೆ ನಿಲ್ಲಿಸದೆಯೂ ಹಲ್ಲು ಕೀಳಬಹುದು, ರಕ್ತ ಸ್ವಲ್ಪ ಹೆಚ್ಚು ಬಂದರೂ ಒತ್ತಿ ಹಿಡಿದರೆ ನಿಲ್ಲುತ್ತದೆ, ನಿಲ್ಲಿಸಿದರೇ ಹೃದಯದ ನಾಳ ಕಟ್ಟಿಕೊಳ್ಳುವ ಅಪಾಯ ಅಂತ ಅವಳು ಅದಾಗಲೇ ಅವರಿಗೆ ಎರಡು ಸಲ ಹೇಳಿದ್ದಳು. "ಅದೆಲ್ಲ ಪೇಪರಿನ ಮಾತು ಭಾರ್ಗವಿ. ರಕ್ತ ಸುರಿಯುವಾಗ ಪೇಪರ್ ಬಂದು ಒತ್ತಿ ಹಿಡಿಯಲ್ಲ" ಅಂದರು. ಅವರ ಭಯಕ್ಕೂ ಕಾರಣ ಇತ್ತು. ಹನ್ನೊಂದು ವರ್ಷದ ಹಿಂದೆ ನಾರಮ್ಮ ಅನ್ನುವ ಮುದುಕಿ ಹಲ್ಲು ಕೀಳಿಸಿಕೊಂಡು ಬಸ್ಸು ಹತ್ತಿದಳು. ಊರು ಮುಟ್ಟುವ ಹೊತ್ತಿಗೆ ಸೆರಗೆಲ್ಲಾ ರಕ್ತ. ಮುದುಕಿ ಉಳಿದಳು. ಆದರೆ ಮರುದಿನ ನಲವತ್ತು ಜನ ಬಂದು ನಮ್ಮ ಗಾಜು ಒಡೆದರು, ಡಾಕ್ಟರ ಕೊರಳಪಟ್ಟಿ ಹಿಡಿದರು. ಅವತ್ತಿನಿಂದ ನಮ್ಮ ಡಾಕ್ಟರು ಒಂದು ಹನಿ ರಕ್ತಕ್ಕೂ ಬೆವರುತ್ತಾರೆ.

ಬುಧವಾರ ಬೆಳಿಗ್ಗೆ ಫೋನು ಹಿಡಿದು ಕೂತೆ. ಒಂದು ವರ್ಷದಲ್ಲಿ ಸೀಲು ಬಿದ್ದ ಕಾರ್ಡು ನಲವತ್ತೊಂದು. ಮೊದಮೊದಲು ತಮಾಷೆಯಾಗೇ ಇತ್ತು. ಒಂಬತ್ತು ಜನ ಮಾತ್ರೆ ನಿಲ್ಲಿಸಿಯೇ ಇರಲಿಲ್ಲ. ಒಬ್ಬಾಕೆ ಮರೆತಿದ್ದಳು, ಒಬ್ಬನಿಗೆ ಯಾವ ಮಾತ್ರೆ ಅಂತ ತಿಳಿದಿರಲಿಲ್ಲ, ಒಬ್ಬ ಚೀಟಿಯನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದ. ಒಂಬತ್ತೂ ಜನರ ಹಲ್ಲು ನಾವು ಕಿತ್ತಿದ್ದೆವು, ಒಬ್ಬರಿಗೂ ಏನೂ ಆಗಿರಲಿಲ್ಲ. "ಮತ್ತೆ ನಮಗೆ ಹೇಳ್ಳೇ ಇಲ್ವಲ್ಲಪ್ಪಾ?" ಅಂತ ಒಬ್ಬನನ್ನು ಕೇಳಿದರೆ, "ಹೇಳಿದ್ರೆ ನೀನು ಬಯ್ತಿದ್ದೆ ಕಣಮ್ಮ" ಅಂದ. ಭಾರ್ಗವಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ.

ಆಮೇಲೆ ಕೊಟ್ಟೂರಪ್ಪನ ಕಾರ್ಡು ಬಂತು. ಹುಣಸೆಹಣ್ಣಿನ ಮಂಡಿಯ ಕೊಟ್ಟೂರಪ್ಪ ನನಗೆ ಚೆನ್ನಾಗಿ ಗೊತ್ತು. ಬಂದಾಗಲೆಲ್ಲ ಕಾಗದದಲ್ಲಿ ಒಂದು ಉಂಡೆ ಹುಣಸೆಹಣ್ಣು ಸುತ್ತಿಕೊಂಡು ಬಂದು, "ಹಲ್ಲು ಜುಮ್ ಅನ್ನೋರಿಗೆ ಕೊಡು, ನಿಮ್ಮ ವ್ಯಾಪಾರ ಬೆಳೀತದೆ" ಅಂತ ನಗಿಸುತ್ತಿದ್ದ. ಸೀಲು ಹಾಕಿಸಿಕೊಂಡು ಹೋದವನು ಹಲ್ಲು ಕೀಳಿಸಲು ಬರಲೇ ಇಲ್ಲ. ಕಾರ್ಡಿನ ಮೇಲೆ ನಾನೇ ತೆಲುಗಿನಲ್ಲಿ 'ರಾಲೇದು' ಅಂತ ಬರೆದಿದ್ದೆ. ಬರಲಿಲ್ಲ. ಮೀಸೆ ಇದ್ದರೆ ಸಾಕೇ, ಇಕ್ಕಳ ನೋಡಿ ಓಡಿಹೋದ ಅಂತ ಡಾಕ್ಟರ ಮುಂದೆ ಆಡಿಕೊಂಡೂ ಇದ್ದೆ.

ಫೋನು ಎತ್ತಿದ್ದು ಅವನ ಹೆಂಡತಿ ರಂಗಲಕ್ಷ್ಮಮ್ಮ.

"ಅವರೆಲ್ಲಿ ಬತ್ತಾರಮ್ಮ. ಹೋಗಿ ಹತ್ತು ತಿಂಗಳಾಯ್ತು. ನೀವು ಮಾತ್ರೆ ನಿಲ್ಸಿ ಅಂದಿದ್ರಲ್ಲ, ಅದರ ನಾಲ್ಕನೇ ದಿನ ಬೆಳಿಗ್ಗೆ. ಎದ್ದು ಕಾಫಿ ಕುಡಿದ್ರು, ಅಂಗೇ ಒರಗಿಬುಟ್ರು. ನಿಮ್ ಮಾತು ಒಂದಿನಾನೂ ತಪ್ಪಿಸ್ಲಿಲ್ಲ ಕಣಮ್ಮ. ಯಾಕಮ್ಮ, ಈಗ ಯಾಕೆ ಕೇಳ್ತಿದೀರಾ?"

"ಸುಮ್ಕೆ ವಿಚಾರಿಸಾಣ ಅಂತ" ಅಂದೆ. ಫೋನಿಟ್ಟೆ.

ಭಾರ್ಗವಿ ನನ್ನ ಮುಖ ನೋಡಿದಳು, ಕಾರ್ಡು ನೋಡಿದಳು. ಎದ್ದು ಹೋಗಿ ಈ ವಾರದ ಕಾರ್ಡುಗಳನ್ನು ತಂದಳು. ಈಗ ಮಾತ್ರೆ ನಿಲ್ಲಿಸಿಕೊಂಡು ಕೂತಿರುವವರು ಯಾರಿದ್ದಾರೆ ಅಂತ ಅವಳು ಹುಡುಕುತ್ತಿದ್ದಳು. ಒಬ್ಬನೇ ಒಬ್ಬ ಸಿಕ್ಕಿದ. ಕದಿರಣ್ಣ, ಐವತ್ತಾರು ವರ್ಷ, ಕುರಿ ಕಾಯುವವನು. ಭಾನುವಾರ ಕಲ್ಯಾಣದುರ್ಗದಲ್ಲಿ ಸೀಲು ಹಾಕಿ ಕೊಟ್ಟಿದ್ದೆ, ಶುಕ್ರವಾರ ಹಲ್ಲು ಕೀಳಬೇಕು. ಎರಡು ತಿಂಗಳ ಹಿಂದೆ ಅನಂತಪುರದಲ್ಲಿ ಅವನ ಹೃದಯದ ನಾಳ ತೆರೆದಿಡಲು ಸ್ಟೆಂಟ್ ಹಾಕಿದ್ದರು. ಅದೂ ನನ್ನ ಅಕ್ಷರದಲ್ಲೇ ಕಾರ್ಡಿನ ಮೇಲಿತ್ತು.

"ಎರಡು ತಿಂಗಳಾ?" ಅಂದಳು ಭಾರ್ಗವಿ. ಅವಳ ದನಿ ಬದಲಾಗಿತ್ತು. "ಹೊಸ ಸ್ಟೆಂಟ್ ಬೇಗ ಕಟ್ಟಿಕೊಳ್ಳುತ್ತೆ ಪದ್ಮಕ್ಕ. ಸೋಮವಾರದಿಂದ ನಿಲ್ಲಿಸಿರ್ತಾರೆ. ಇವತ್ತಿಗೆ ಮೂರು ದಿನ."

ಕದಿರಣ್ಣನ ಫೋನು ಸ್ವಿಚ್ ಆಫ್. ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ. ಕಾರ್ಡಿನಲ್ಲಿ ಬೇರೆ ನಂಬರಿಲ್ಲ. ಊರಿನ ಹೆಸರಿನ ಜಾಗದಲ್ಲಿ ಬರೀ 'ಕಂಬದೂರು' ಅಂತ ಗೀಚಿದ್ದೆ. ಕಂಬದೂರು ಮಂಡಲದಲ್ಲಿ ಎಷ್ಟು ಹಳ್ಳಿಗಳಿವೆಯೋ ದೇವರಿಗೇ ಗೊತ್ತು. ಕಲ್ಯಾಣದುರ್ಗದ ಮೆಡಿಕಲ್ ಶಾಪಿನವನಿಗೂ ಫೋನು ಮಾಡಿದೆ. ಅವನಿಗೆ ಕದಿರಣ್ಣ ಯಾರೆಂದೇ ತಿಳಿಯದು.

ಡಾಕ್ಟರು ಸಂಜೆ ಕೊನೆಯ ರೋಗಿಯನ್ನು ಕಳಿಸುವ ತನಕ ಕಾದು ಎಲ್ಲಾ ಹೇಳಿದೆವು. ಕೊಟ್ಟೂರಪ್ಪನ ಹೆಸರು ಕೇಳಿ ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಗಟ್ಟಿಯಾದರು.

"ಅವನಿಗೆ ಶುಗರ್ ಇತ್ತು, ಬಿಪಿ ಇತ್ತು, ದಿನಕ್ಕೊಂದು ಕಟ್ಟು ಬೀಡಿ ಇತ್ತು. ಹಾರ್ಟ್ ಪೇಷಂಟು ಹಾರ್ಟಿಂದಲೇ ಹೋಗೋದು ಪದ್ಮಮ್ಮ. ಅದಕ್ಕೂ ನನ್ನ ಹಲ್ಲಿಗೂ ಏನು ಸಂಬಂಧ?"

"ಮಾತ್ರೆ ನಿಲ್ಲಿಸಿದ್ದರಿಂದಲೇ ಹೋದರು ಅಂತ ನಾನೂ ಹೇಳಲ್ಲ ಸಾರ್" ಅಂದಳು ಭಾರ್ಗವಿ. "ಅದರಿಂದ ಅಲ್ಲ ಅಂತ ನೀವೂ ಹೇಳೋಕಾಗಲ್ಲ. ಆದರೆ ಕದಿರಣ್ಣ ಇನ್ನೂ ಇದ್ದಾರೆ."

"ಮಾತ್ರೆ ನುಂಗಿ ಬಂದು, ರಕ್ತ ನಿಲ್ಲದೆ ಹೋದರೆ? ಆಗ ಕೊರಳಪಟ್ಟಿ ಯಾರದು ಹಿಡೀತಾರೆ? ನಿಮ್ಮ ಕಾಲೇಜಿನವರದಾ?"

"ಸಾರ್, ರಕ್ತ ನಮ್ಮ ಕಣ್ಣೆದುರಿಗೆ ಬರುತ್ತೆ, ಅದಕ್ಕೇ ನಮಗೆ ಅದರ ಭಯ. ಎದೆನೋವು ಅವರ ಮನೇಲಿ ಬರುತ್ತೆ. ನಮ್ಮ ಕಾರ್ಡಲ್ಲಿ ಬರೀ 'ಬರಲಿಲ್ಲ' ಅಂತ ಇರುತ್ತೆ."

ಡಾಕ್ಟರು ಎದ್ದುಬಿಟ್ಟರು. "ಹೃದಯದ ಡಾಕ್ಟರ ಹತ್ರ ಪತ್ರ ತಂದರೆ ಶುಕ್ರವಾರ ಯೋಚಿಸ್ತೀನಿ. ಅಲ್ಲೀತನಕ ನನ್ನ ಹೆಸರಲ್ಲಿ ಯಾರೂ ಯಾರಿಗೂ ಏನೂ ಹೇಳಕೂಡದು" ಅಂದವರೇ ಕಾರಿನ ಕೀಲಿ ತೆಗೆದುಕೊಂಡು ಹೊರಟರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಮುಂದೆ ಅವರು ಬಾಗಿಲು ಧಡಾರನೆ ಹಾಕಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು, ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಗುರುವಾರ ಬೆಳಗ್ಗಿನ ಮೊದಲ ಬಸ್ಸು ಹತ್ತಿದೆ. ಸೀಲನ್ನೂ ಶಾಯಿಯ ಡಬ್ಬಿಯನ್ನೂ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ, ನಾನಿಲ್ಲದಾಗ ಯಾರೂ ಒತ್ತಬಾರದು ಅಂತ. ಭಾರ್ಗವಿ ಅನಂತಪುರದ ಹೃದಯದ ಡಾಕ್ಟರನ್ನು ಹಿಡಿಯಲು ಹಿಂದೂಪುರದಲ್ಲೇ ಉಳಿದಳು. ಮಡಕಶಿರಾ ದಾಟಿ, ಪಾವಗಡಕ್ಕೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಬಸ್ಸು ಅಲ್ಲಿ ಟೀ ಕುಡಿಯಲು ನಿಂತಿತು. ಡ್ರೈವರು ಬಿಸ್ಕತ್ತು ಅದ್ದಿಕೊಂಡು ಅದ್ದಿಕೊಂಡು ತಿನ್ನುತ್ತಿದ್ದ. ಕೊಟ್ಟೂರಪ್ಪ ನಾಲ್ಕನೇ ದಿನ ಬೆಳಿಗ್ಗೆ ಕಾಫಿ ಕುಡಿದು ಒರಗಿದ. ಇವತ್ತು ಕದಿರಣ್ಣನಿಗೆ ನಾಲ್ಕನೇ ದಿನ. ಆ ಬಿಸ್ಕತ್ತನ್ನು ಕಿತ್ತು ಬಿಸಾಡಿ ಡ್ರೈವರನ್ನು ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಭಾರ್ಗವಿಯ ಫೋನು. "ಪದ್ಮಕ್ಕ, ಅನಂತಪುರದ ಡಾಕ್ಟರು ಸಿಕ್ಕಿದ್ರು. ಮಾತ್ರೆ ಇವತ್ತೇ ಶುರು ಮಾಡಬೇಕಂತೆ, ಒಂದು ಗಂಟೆಯೂ ತಡ ಬೇಡ ಅಂದ್ರು. ಮಾತ್ರೆ ನಡೀತಿರುವಾಗಲೇ ಹಲ್ಲು ಕೀಳಬಹುದು ಅಂತ ಪತ್ರ ಕಳಿಸ್ತಿದಾರೆ. ಎದೆ ನೋವು ಅಂದ್ರೆ ಮಾತ್ರ ಅಲ್ಲಿ ನಿಲ್ಲಬೇಡಿ, ನೂರಾಎಂಟಕ್ಕೆ ಫೋನ್ ಮಾಡಿ."

ಕಂಬದೂರಿನಲ್ಲಿ ಇಳಿದು ಆಟೋದವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಕದಿರಣ್ಣ ಅನ್ನುವವರೇ ಐದಾರು ಜನ ಇದ್ದರು. "ಗುಂಡಿಗೆಗೆ ಸ್ಟಂಟ್ ಹಾಕಿಸ್ಕೊಂಡವ್ನಾ? ಕುರಿ ಕದಿರಣ್ಣ?" ಅಂದ ಕೊನೆಗೊಬ್ಬ. "ಹತ್ತಮ್ಮ, ನಮ್ ಪಕ್ಕದ ಊರೇ." ಅವನ ಆಟೋ ಓಡಿದ್ದಕ್ಕಿಂತ ಹಾರಿದ್ದೇ ಹೆಚ್ಚು. ನಿಧಾನ ಅಂತ ಒಂದು ಸಲವೂ ಹೇಳಲಿಲ್ಲ ನಾನು.

ಮನೆಯ ಮುಂದೆ ಕದಿರಣ್ಣನ ಹೆಂಡತಿ ಪೆದ್ದಕ್ಕ ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನ ಗುರುತು ಹತ್ತಿ ಎದ್ದು ನಿಂತಳು.

"ಏಮಮ್ಮಾ, ನೀವಿಲ್ಲಿ? ನಾಳೆ ಅಲ್ವಾ ಹಲ್ಲು?"

"ಎಲ್ಲಿ ನಿನ್ ಗಂಡ?"

"ಕುರಿ ಹಿಂದೆ ಹೋಗವ್ನೆ. ಗುಡ್ಡದ ಕಡೆ. ಬೆಳಿಗ್ಗೆ ಯಾಕೋ ಸುಸ್ತು ಅಂದ, ಆದ್ರೂ ಹೋದ. ಡಾಕ್ಟ್ರು ಬ್ಯಾಡ ಅಂದ್ರೆ ಇವನು ಕೇಳ್ತಾನೆ, ಕುರಿ ಕೇಳಬೇಕಲ್ಲ?"

ಸುಸ್ತು ಅನ್ನುವ ಮಾತು ಕೇಳಿ ಚಪ್ಪಲಿ ಸರಿಮಾಡಿಕೊಳ್ಳಲೂ ನಿಲ್ಲದೆ ನಡೆದೆ. ಪೆದ್ದಕ್ಕ ಹಿಂದೆ ಏನೇನೋ ಕೂಗಿಕೊಂಡು ಬಂದಳು. ಕಲ್ಲು, ಜಾಲಿ ಮುಳ್ಳು, ನೆತ್ತಿ ಸುಡುವ ಬಿಸಿಲು. ಗುಡ್ಡದ ಬುಡದಲ್ಲಿ ಕುರಿಗಳು ಚೆದುರಿ ಮೇಯುತ್ತಿದ್ದವು. ಒಂದು ಬೇವಿನ ಮರದ ಕೆಳಗೆ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದ. ಮುಖದ ಮೇಲೆ ಟವೆಲ್ಲು. ಒಂದು ಕುರಿ ಅವನ ಕಾಲಿನ ಹತ್ತಿರವೇ ಮೇಯುತ್ತಿದ್ದರೂ ಕಾಲು ಅಲುಗಲಿಲ್ಲ.

"ಕದಿರಣ್ಣಾ!" ಅಂತ ಕೂಗಿದೆ. ಅಲುಗಲಿಲ್ಲ. ಓಡಿಹೋಗಿ ಟವೆಲ್ಲು ಎಳೆದೆ.

"ಎವರಮ್ಮಾ ಅದಿ! ಯಾರಮ್ಮಾ!" ಅಂತ ಬೆಚ್ಚಿ ಎದ್ದು ಕೂತ. ಒಂದು ದವಡೆ ಊದಿತ್ತು. "ಹಲ್ಲು ನೋವಿಗೆ ಎಲ್ಡು ದಿನದಿಂದ ನಿದ್ದಿಲ್ಲ, ಈಗ ಒಂಚೂರು ಕಣ್ಣತ್ತಿತ್ತು. ಅದನ್ನೂ ಕೆಡಿಸಿಬುಟ್ಟಲ್ಲಮ್ಮ!"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಗಂಡ ಹೆಂಡತಿ ಇಬ್ಬರೂ ಪೇಚಿಗೆ ಸಿಕ್ಕಿ ಒಬ್ಬರ ಮುಖ ಒಬ್ಬರು ನೋಡಿದರು. ಎದೆ ನೋವು ಇದೆಯಾ ಅಂದೆ, ಇಲ್ಲ ಅಂದ. ಉಸಿರು ಕಟ್ಟುತ್ತಾ ಅಂದೆ, ನೀನು ಓಡಿ ಬಂದು ನಿನಗೇ ಕಟ್ಟಿದೆ ಅಂದ.

ಮನೆಗೆ ವಾಪಸು ಬಂದೆವು. ಇನ್ನೇನು, ಮಾತ್ರೆ ಕೊಡು ನುಂಗಲಿ ಅಂದರೆ ಮುಗಿಯಿತು ಅಂದುಕೊಂಡಿದ್ದೆ. ಪೆದ್ದಕ್ಕ ಅಲುಗಲಿಲ್ಲ.

"ಬ್ಯಾಡ ಅಂತ ನೀವೇ ಚೀಟಿ ಕೊಟ್ಟಿದ್ದಲ್ಲ?" ಅಂದಳು. ಗೋಡೆ ತೋರಿಸಿದಳು. ಇದ್ದಿಲಿನಲ್ಲಿ ನಾಲ್ಕು ಗೀಟು ಎಳೆದಿತ್ತು, ದಿನಕ್ಕೊಂದು. ಮಾತ್ರೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಗೂಡಿನಲ್ಲಿ ಪಟದ ಹಿಂದೆ ಬಚ್ಚಿಟ್ಟಿದ್ದಳು, ಗಂಡ ಮರೆತು ನುಂಗಿಬಿಡದಿರಲಿ ಅಂತ. "ನಿನ್ನೆ ಕೇಳ್ದ. ನಾನು ಕೊಡ್ಲಿಲ್ಲ. ಇನ್ನ ಎಲ್ಡೇ ದಿನ ತಡ್ಕೋ ಅಂದೆ."

"ಅದು ತಪ್ಪು ಪೆದ್ದಕ್ಕ. ನಾವು ತಪ್ಪು ಹೇಳಿದ್ವಿ. ಈಗ ಕೊಡು."

"ಬಾಯಲ್ಲಿ ಹೇಳ್ತೀಯ ನೀನು. ಇದು ಸೀಲು." ಚೀಟಿಯನ್ನು ನನ್ನ ಮುಂದೆ ಬಿಚ್ಚಿ ಹಿಡಿದಳು. ನೇರಳೆ ಅಕ್ಷರ ಇನ್ನೂ ಹೊಸದಾಗೇ ಇತ್ತು. "ಬರೀ ಕೈಬರಹ ಆಗಿದ್ರೆ ನಾನೂ ಯೋಚ್ನೆ ಮಾಡ್ತಿದ್ದೆ. ಸೀಲಿಲ್ಲ ಅಂತ ನಮ್ಮತ್ತೆ ಪಿಂಚಣಿ ಮೂರು ತಿಂಗಳು ನಿಲ್ಸಿದ್ರು ಕಣಮ್ಮ. ಸೀಲು ಬಿದ್ ಮ್ಯಾಲೇ ಕೊಟ್ಟಿದ್ದು. ಸೀಲನ್ನ ನಿನ್ ಬಾಯ್ಮಾತು ಎಂಗೆ ಹೊಡ್ದಾಕ್ತದೆ? ಡಾಕ್ಟ್ರು ಹೇಳ್ಲಿ, ಕೊಡ್ತೀನಿ."

ಕೈಯಲ್ಲಿ ಬರೆದು ಸಾಕಾಗಿ ಸೀಲು ಮಾಡಿಸಿದವಳು ನಾನು. ಈ ಮನೆಗಳಲ್ಲಿ ಅದು ಸರ್ಕಾರದ ಆಜ್ಞೆಯಾಗಿ ಕೂತಿತ್ತು. ಡಾಕ್ಟರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿ, "ಪತ್ರ ಬರಲಿ ಅಂದೆನಲ್ಲ ಪದ್ಮಮ್ಮ" ಅಂದು ಇಟ್ಟುಬಿಟ್ಟರು. ಭಾರ್ಗವಿಗೆ ಮಾಡಿ ಪೆದ್ದಕ್ಕನ ಕಿವಿಗೆ ಹಿಡಿದೆ. "ಆ ಹುಡ್ಗಿ ಯಾರೋ ನನಗ್ಗೊತ್ತಿಲ್ಲ" ಅಂತ ವಾಪಸು ಕೊಟ್ಟಳು. ಹೊತ್ತು ಹನ್ನೆರಡು ದಾಟಿತ್ತು. ಕದಿರಣ್ಣ ಗೋಡೆಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದ. ಬಿಸಿಲಿನ ಬೆವರೋ ಮತ್ತೊಂದೋ ನನಗೆ ತಿಳಿಯಲಿಲ್ಲ.

ಆಗ ಕೊಟ್ಟೂರಪ್ಪನ ಕಥೆ ಹೇಳಿದೆ. ಒಂದಕ್ಷರ ಬಿಡಲಿಲ್ಲ. 'ರಾಲೇದು' ಅಂತ ಬರೆದದ್ದನ್ನೂ, ಆಡಿಕೊಂಡು ನಕ್ಕದ್ದನ್ನೂ ಹೇಳಿದೆ. ಬ್ಯಾಗಿನಿಂದ ಪೆನ್ನನ್ನೂ ಶಾಯಿಯ ಡಬ್ಬಿಯನ್ನೂ ತೆಗೆದೆ. ಅವಳ ಕೈಯಿಂದ ಚೀಟಿ ಇಸಿದುಕೊಂಡು, ಸೀಲಿನ ಮೇಲೆ ಅಡ್ಡಗೀಟು ಎಳೆದು, ಕೆಳಗೆ ತೆಲುಗಿನಲ್ಲಿ ಬರೆದೆ. ಈ ಸೀಲು ತಪ್ಪು, ಮಾತ್ರೆ ದಿನಾ ನುಂಗಬೇಕು, ಏನಾದರೂ ಆದರೆ ಹೊಣೆ ನನ್ನದು, ಪದ್ಮಲತಾ. ಆಮೇಲೆ ಹೆಬ್ಬೆರಳನ್ನು ಶಾಯಿಗೆ ಒತ್ತಿ ಹೆಸರಿನ ಪಕ್ಕ ಊರಿದೆ.

ಪೆದ್ದಕ್ಕ ಬೆರಗಾಗಿ ನೋಡಿದಳು. "ಓದಿರೋಳು ಹೆಬ್ಬೆಟ್ಟು ಹಾಕಿದ್ಯಾ?"

"ಹೂಂ."

ಚೀಟಿಯನ್ನು ಬೆಳಕಿಗೆ ಹಿಡಿದು ಬೆರಳಿನ ಗೆರೆಗಳನ್ನು ನೋಡಿದಳು. "ರುಜು ಯಾರ್ ಬೇಕಾದ್ರೂ ಹಾಕ್ಬೋದು. ಹೆಬ್ಬೆಟ್ಟು ಒಬ್ರದೇ" ಅಂದಳು. ಅವಳು ಎದ್ದು ಪಟದ ಹಿಂದೆ ಕೈ ಹಾಕಿದಳು. ಗಂಟಿನ ಬಿಗಿ ಬಿಚ್ಚಲು ಬಾರದೆ ಹಲ್ಲಿನಲ್ಲಿ ಕಚ್ಚಿ ಎಳೆದಳು. ಕದಿರಣ್ಣ ಮಾತ್ರೆ ನುಂಗಿ ಒಂದು ಚೊಂಬು ನೀರು ಕುಡಿಯುವ ತನಕ ನಾನು ಅವನ ಗಂಟಲನ್ನೇ ನೋಡುತ್ತಿದ್ದೆ.

ಶುಕ್ರವಾರ ಕಲ್ಯಾಣದುರ್ಗದ ಕೋಣೆಯಲ್ಲಿ ಡಾಕ್ಟರು, ಭಾರ್ಗವಿ, ನಾನು ಮೂವರೂ ಕೆಲಸ ಮಾಡುತ್ತಿದ್ದೆವು. ಹತ್ತೂವರೆಗೆ ಗಂಡ ಹೆಂಡತಿ ಬಂದರು. ಪೆದ್ದಕ್ಕ ಚೀಟಿಯನ್ನು ನೇರ ಡಾಕ್ಟರ ಕೈಗೆ ಕೊಟ್ಟಳು. ಅವರು ತಮ್ಮ ಹೆಸರಿನ ಮೇಲೆ ಎಳೆದ ಗೀಟನ್ನು ನೋಡಿದರು, ಹೆಬ್ಬೆಟ್ಟನ್ನು ನೋಡಿದರು.

"ಇದೇನು?"

"ನನ್ನ ಹೆಬ್ಬೆಟ್ಟು ಸಾರ್. ನಿಮ್ಮ ಹೆಸರಲ್ಲಿ ಏನೂ ಹೇಳಿಲ್ಲ. ನನ್ನ ಹೆಸರಲ್ಲಿ ಹೇಳಿದ್ದೀನಿ. ಬೇಕಾದ್ರೆ ಇವತ್ತೇ ಕೆಲಸದಿಂದ ತೆಗೀರಿ."

ಭಾರ್ಗವಿ ಅನಂತಪುರದ ಪತ್ರವನ್ನು ಅವರ ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ಓದಿ ಮತ್ತೆ ಓದಿದರು. ಕದಿರಣ್ಣ ಕುರ್ಚಿಯಲ್ಲಿ 'ಸಾಮೀ, ಸಾಮೀ' ಅಂತ ದವಡೆ ಹಿಡಿದು ನರಳುತ್ತಿದ್ದ. ಕೊನೆಗೆ ಡಾಕ್ಟರು ಎದ್ದು ಹೋಗಿ ಕೈ ತೊಳೆದರು. ಮೂರು ಸಲ ತೊಳೆದರು.

ಹಲ್ಲು ಸುಲಭವಾಗೇ ಬಂತು. ಅದರ ಹಿಂದೆಯೇ ರಕ್ತವೂ ಬಂತು. ಭಾರ್ಗವಿ ಹೇಳಿಕೊಟ್ಟಂತೆ ಗುಳಿಯಲ್ಲಿ ಔಷಧದ ಸ್ಪಂಜು ಇಟ್ಟು, ಎರಡು ಹೊಲಿಗೆ ಹಾಕಿ, ಬಟ್ಟೆಯ ಮಡಿಕೆ ಇಟ್ಟು ಒತ್ತಿದರು. ನಾನು ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಮಡಿಕೆ ಎತ್ತಿದರೆ ಕೆಂಪು ಮತ್ತೆ ಉಕ್ಕಿತು.

"ನೋಡಿದ್ರಾ?" ಅಂದರು ಡಾಕ್ಟರು. ದನಿ ಒಣಗಿತ್ತು. ಹನ್ನೊಂದು ವರ್ಷದ ಹಿಂದಿನ ಆ ನಲವತ್ತು ಜನ ಬಾಗಿಲ ಹೊರಗೇ ನಿಂತಿದ್ದಾರೇನೋ ಅನ್ನುವ ಮುಖ.

"ಇನ್ನೂ ಒತ್ತಿ ಸಾರ್. ನಡುವೆ ಎತ್ತಬೇಡಿ" ಅಂದಳು ಭಾರ್ಗವಿ. ಅವಳ ದನಿಯೂ ಸರಿಯಾಗಿರಲಿಲ್ಲ.

ಹೊಸ ಮಡಿಕೆ ಇಟ್ಟು ಡಾಕ್ಟರು ತಾವೇ ಬೆರಳೂರಿ ಹಿಡಿದರು. ಹದಿನೈದು ನಿಮಿಷ. ಇಪ್ಪತ್ತು. ಹೊರಗೆ ಕಾದಿದ್ದವರು ಬಾಗಿಲು ಬಡಿದರು, ಯಾರೂ ತೆಗೆಯಲಿಲ್ಲ. ಡಾಕ್ಟರ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು, ನಾನು ಬಟ್ಟೆಯಲ್ಲಿ ಒರೆಸಿದೆ. ಪೆದ್ದಕ್ಕ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಎಷ್ಟು ಸೋಪು ಹಾಕಿ ತೊಳೆದರೂ ಅದರ ನೇರಳೆ ಹೋಗಿರಲಿಲ್ಲ. ಇಪ್ಪತ್ತೈದು. ಇವನಿಗೇನಾದರೂ ಆದರೆ ಆ ಬೆರಳನ್ನು ಎಲ್ಲಿ ಬಚ್ಚಿಡಲಿ ಅಂತ ನಾನು ಯೋಚಿಸುತ್ತಿದ್ದೆ.

ಮೂವತ್ತಕ್ಕೆ ಡಾಕ್ಟರು ನಿಧಾನವಾಗಿ ಮಡಿಕೆ ಎತ್ತಿದರು. ಗುಳಿಯಲ್ಲಿ ಕಪ್ಪಗೆ ಹೆಪ್ಪುಗಟ್ಟಿತ್ತು. ನಾವು ಮೂವರೂ ಬಗ್ಗಿ ನೋಡಿದೆವು. ಒಂದು ಹನಿಯೂ ಇರಲಿಲ್ಲ.

ಎರಡು ಗಂಟೆ ಅಲ್ಲೇ ಫ್ಯಾನಿನ ಕೆಳಗೆ ಕೂರಿಸಿದೆವು. ಡಾಕ್ಟರು ಬೇರೆ ರೋಗಿಗಳ ನಡುವೆ ನಾಲ್ಕು ಸಲ ಎದ್ದು ಬಂದು ಅವನ ಬಾಯಿ ನೋಡಿದರು. ನಾಲ್ಕನೇ ಸಲಕ್ಕೆ ಕದಿರಣ್ಣ ಬಾಯಿ ತೆರೆಯಲು ಒಪ್ಪಲಿಲ್ಲ, ಕೈಸನ್ನೆಯಲ್ಲೇ ಮನೆಗೆ ಹೋಯ್ತೀನಿ ಅಂದ. ಹೊರಡುವಾಗ ಪೆದ್ದಕ್ಕ ಆ ಚೀಟಿಯನ್ನು ವಾಪಸು ಕೇಳಿ ಇಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ವಾಪಸು ಬರುವಾಗ ಕಾರು ಪಾವಗಡ ದಾಟಿದ ಮೇಲೆ ಡಾಕ್ಟರು ಕೇಳಿದರು. "ಕೊಟ್ಟೂರಪ್ಪನ ಮನೆ ನಿಮಗೆ ಗೊತ್ತಾ?"

ಶನಿವಾರ ಬೆಳಿಗ್ಗೆ ಹೋದೆವು. ಮಂಡಿ ಬೀದಿಯಲ್ಲಿ ಹುಣಸೆಹಣ್ಣಿನ ಹುಳಿ ವಾಸನೆ. ಡಾಕ್ಟರು ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಇಳಿಯಲಿಲ್ಲ. "ನೀವು ಹೇಳಿ ಬನ್ನಿ. ನಾನು ಇಲ್ಲೇ ಇರ್ತೀನಿ" ಅಂದರು. ಸ್ಟಿಯರಿಂಗ್ ಹಿಡಿದ ಅವರ ಬೆರಳುಗಳನ್ನು ನೋಡಿ ನಾನು ಬಯ್ಯಲಿಲ್ಲ.

ರಂಗಲಕ್ಷ್ಮಮ್ಮ ಚಾಪೆ ಹಾಕಿ ನೀರು ಕೊಟ್ಟಳು. ನಾನು ನೀರು ಮುಟ್ಟದೆ ಹೇಳಿದೆ. "ಅವತ್ತು ಸುಮ್ಕೆ ವಿಚಾರಿಸಾಣ ಅಂತ ಅಂದೆನಲ್ಲ, ಅದು ಸುಳ್ಳು ಕಣಮ್ಮ. ಮಾತ್ರೆ ನಿಲ್ಲಿಸಬಾರದಿತ್ತು. ನಾವು ತಪ್ಪು ಹೇಳಿದ್ವಿ. ಅದರಿಂದಲೇ ಹೋದರೋ ಇಲ್ವೋ ಗೊತ್ತಿಲ್ಲ. ಆದ್ರೆ ತಪ್ಪು ನಮ್ಮದು."

ಅವಳು ಅಳುತ್ತಾಳೆ, ಇಲ್ಲ ನನ್ನನ್ನು ಬೈದು ಆಚೆ ಅಟ್ಟುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದು ಕೇಳಿಸಿತು. ಒಂದು ಸಣ್ಣ ಸ್ಟೀಲಿನ ಡಬ್ಬಿ ಹಿಡಿದು ಬಂದಳು. ಒಳಗೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ, ನಮ್ಮ ಸೀಲಿನ ಚೀಟಿ.

"ಮೂರನೇ ದಿನ ಸಾಯಂಕಾಲ ಎದೆ ಹಿಡಿದಂಗಾಯ್ತದೆ ಅಂದ್ರು" ಅಂದಳು. "ಮಾತ್ರೆ ಕೊಡೇ, ಒಂದು ನುಂಗ್ತೀನಿ ಅಂದ್ರು. ನಾನು ಕೊಡ್ಲಿಲ್ಲ. ಸೀಲ್ ತೋರಿಸ್ದೆ. ಬ್ಯಾಡ ಅಂತ ಅಚ್ಚಾಗಿ ಬರ್ದವ್ರೆ, ಮಗು ಹಂಗೆ ಹಟ ಮಾಡ್ಬೇಡಿ ಅಂತ ಬೈದೆ. ಬೀರುವಲ್ಲಿಟ್ಟು ಬೀಗ ಹಾಕಿಬುಟ್ಟೆ." ಉಸಿರು ಎಳೆದುಕೊಂಡಳು. "ಹತ್ತು ತಿಂಗಳಾಯ್ತು. ಯಾರ್ಗೂ ಹೇಳಿಲ್ಲ ಕಣಮ್ಮ. ಕೇಳಿದ್ ಮಾತ್ರೆ ಕೊಡದೆ ನಾನೇ ಕೊಂದೆ ಅಂತ ದಿನಾ ಇದನ್ನ ತೆಗ್ದು ನೋಡ್ತೀನಿ."

ಬಾಗಿಲ ಕಡೆಯಿಂದ ನೆರಳು ಬಿತ್ತು. ಡಾಕ್ಟರು ಯಾವಾಗ ಕಾರಿಳಿದು ಬಂದರೋ, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು.

"ಅಮ್ಮಾ, ನೀವಲ್ಲ" ಅಂದರು. "ಬೇಡ ಅಂದವನು ನಾನು. ಸೀಲಲ್ಲಿರೋ ಹೆಸರು ನನ್ನದು. ನೀವು ನನ್ನ ಮಾತು ನಂಬಿದ್ರಿ, ಅಷ್ಟೇ."

ರಂಗಲಕ್ಷ್ಮಮ್ಮ ಅವರನ್ನು ಬಹಳ ಹೊತ್ತು ನೋಡಿದಳು. ಬನ್ನಿ ಅನ್ನಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ. ಹೊಸ್ತಿಲ ತನಕ ನಡೆದು ಹೋಗಿ ಆ ಡಬ್ಬಿಯನ್ನು ಅವರ ಮುಂದೆ ಚಾಚಿದಳು.

"ಅಂಗಾದ್ರೆ ಇದನ್ನ ಇನ್ನು ನೀವು ಇಟ್ಕೊಳ್ಳಿ" ಅಂದಳು.

ಡಾಕ್ಟರು ಎರಡೂ ಕೈ ಒಡ್ಡಿ ತೆಗೆದುಕೊಂಡರು.